ಲೆನ್ಸ್ ಇಲ್ಲದೆ ಸೂಜಿ ತೂತಿನಿಂದಲೇ ಚಿತ್ರ ತೆಗೆಯುವ ಪಿನ್‌ಹೋಲ್ ಕ್ಯಾಮೆರಾದಲ್ಲಿ ಹಳ್ಳ, ಬಂಡೆ, ಕಾಡು ಶಾರ್ಪ್ ಆಗಿ ಬರಬೇಕಾದರೆ ತೂತು ಎಷ್ಟು ಸಣ್ಣದಿರಬೇಕು?

ಸಣ್ಣದಾದಷ್ಟೂ ಶಾರ್ಪ್ ಅಂತ ತಾನೇ ನಿಮ್ಮ ಲೆಕ್ಕ? ಅದೇ ಲೆಕ್ಕ ನಂಬಿ ಕೈ ಸುಟ್ಟುಕೊಂಡವನು ನಾನು.

ನನ್ನದು ಮರದ ಡಬ್ಬಿ. ತೂತಿನಿಂದ ಫಿಲ್ಮ್‌ಗೆ 50 ಮಿ.ಮೀ. ದೂರ. 0.3 ಮಿ.ಮೀ. ತೂತು ಚೆನ್ನಾಗೇ ಇತ್ತು. ಇರಲಾರದೆ ಇರುವೆ ಬಿಟ್ಟುಕೊಂಡ ಹಾಗೆ ಅದನ್ನು ಕಿತ್ತು 0.15ರದ್ದು ಹಾಕಿದೆ. ಕಾಡಿನ ಹಳ್ಳಕ್ಕೆ ಹೋಗಿ ಇಡೀ ರೋಲ್ ಮುಗಿಸಿದೆ. ಡೆವಲಪ್ ಮಾಡಿ ನೋಡಿದರೆ ಮರದ ನೆರಳೆಲ್ಲ ಬರೀ ಖಾಲಿ ಫಿಲ್ಮ್. ಬಂದಿದ್ದ ಬಂಡೆಗಳೂ ಮೊದಲಿಗಿಂತ ಮಸುಕು!

ಮಸುಕು ಯಾಕೆ ಗೊತ್ತಾ? ಬೆಳಕು ತೂತಿನ ಅಂಚಿನಲ್ಲಿ ಹರಡಿಕೊಳ್ಳುತ್ತದೆ. ತೂತು ಕಿರಿದಾದಷ್ಟೂ ಹರಡುವುದು ಜಾಸ್ತಿ. ನನ್ನ 0.15ರ ತೂತಿನಿಂದ ಫಿಲ್ಮ್ ಮೇಲೆ ಬೀಳುವ ಚುಕ್ಕೆ ಸುಮಾರು 0.45 ಮಿ.ಮೀ., ಅಂದರೆ ತೂತಿನ ಮೂರು ಪಟ್ಟು. ಇನ್ನು ನೆರಳು ಖಾಲಿಯಾದದ್ದು ಹೇಗೆ? ತೂತು ಅರ್ಧವಾದರೆ ಬೆಳಕು ಕಾಲು ಭಾಗ. ಅದಕ್ಕೇ ಬೆಳಕಿನ ಮೀಟರ್ ಲೆಕ್ಕದಲ್ಲಿ 8 ಸೆಕೆಂಡ್ ತೂತು ತೆರೆದಿಡಬೇಕಿದ್ದದ್ದನ್ನು 32 ಮಾಡಿದ್ದೆ. ಆದರೆ ತೂತು ತೆರೆದಿಡುವ ಹೊತ್ತು ಉದ್ದವಾದ ಹಾಗೆ ಫಿಲ್ಮ್ ಬೆಳಕು ಹಿಡಿಯುವ ಶಕ್ತಿ ಕುಗ್ಗುತ್ತದೆ. ನಾನು ಹಾಕಿದ್ದ ಇಲ್‌ಫೋರ್ಡ್ ಎಫ್‌ಪಿ4 ಪ್ಲಸ್ ಫಿಲ್ಮ್‌ಗೆ ಮೀಟರ್ 8 ಸೆಕೆಂಡ್ ಅಂದರೆ ನಿಜಕ್ಕೂ 14 ಕೊಡಬೇಕು, 32 ಅಂದರೆ 79. ನಾನು ಕೊಟ್ಟದ್ದು ಅರ್ಧಕ್ಕೂ ಕಡಿಮೆ. ಅಂತೂ ಶಾರ್ಪ್‌ನೆಸ್ ಆಸೆಗೆ ಇದ್ದ ಶಾರ್ಪ್‌ನೆಸ್ಸೂ ಹೋಯಿತು, ಬೆಳಕೂ ಹೋಯಿತು.

50 ಮಿ.ಮೀ. ದೂರಕ್ಕೆ 0.3 ಸಾಕು. ದೂರ ನಾಲ್ಕು ಪಟ್ಟಾದರೆ ತೂತು ಎರಡು ಪಟ್ಟು. ಅದಕ್ಕಿಂತ ಮುಖ್ಯ, ತೂತು ದುಂಡಗಿರಬೇಕು. ಸೂಜಿ ಚುಚ್ಚಿದಾಗ ತಗಡಿನ ಹಿಂದೆ ಏಳುವ ಚೂಪು ಅಂಚನ್ನು ನಯವಾದ ಮರಳು ಕಾಗದದಲ್ಲಿ ಉಜ್ಜಿ ತೆಗೆಯಿರಿ. ಆಮೇಲೆ ಸ್ಕ್ಯಾನರ್ ಮೇಲಿಟ್ಟು ಅಳೆಯಿರಿ.

ನಿಜ ಹೇಳಬೇಕೆಂದರೆ, ಎಲೆ ಎಲೆಯೂ ಎಣಿಸುವಂತೆ ಬರಬೇಕು ಅನ್ನುವವರು ಲೆನ್ಸ್ ಹಾಕಿಕೊಳ್ಳಲಿ. ಪಿನ್‌ಹೋಲ್‌ಗೆ ಫೋಕಸ್ ಅನ್ನುವುದೇ ಇಲ್ಲ. ಗೇಣು ದೂರದ ಕಲ್ಲೂ ಆಚೆಯ ಗುಡ್ಡವೂ ಹೆಚ್ಚುಕಡಿಮೆ ಒಂದೇ ಹದದಲ್ಲಿ ಬರುತ್ತವೆ. ಆ ಅನುಕೂಲ ಬಿಟ್ಟು ಕ್ಯಾಮೆರಾವನ್ನು ಎದೆ ಎತ್ತರದ ಟ್ರೈಪಾಡ್ ಮೇಲೆ ಇಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನೆಲಕ್ಕೇ ಇಡಿ, ನೀರಿನ ಅಂಚಿಗೆ. ಗಾಳಿ ನಿಲ್ಲಲಿ ಅಂತ ಕಾಯಬೇಡಿ. ಕಾಂಡ ಗಟ್ಟಿಯಾಗಿ ನಿಂತು ರೆಂಬೆ ಮಾತ್ರ ಹೊಗೆಯಾದರೆ ಗಾಳಿಯೂ ಚಿತ್ರದಲ್ಲಿ ಕಾಣುತ್ತದೆ. ಡಬ್ಬಿ ಮಾತ್ರ ಅಲುಗಬಾರದು. ಮೇಲೊಂದು ಕಲ್ಲು ಹೇರಿ.