ಗೌರವಧನ ಅನ್ನೋ ಪದವೇ ನನಗೆ ಹಿಡಿಸಲ್ಲ

ಹಾವೇರಿ ಕಡೆಯ ಓದುಗರೊಬ್ಬರು ಬರೆದಿದ್ದಾರೆ: “ನಮ್ಮೂರ ಆಶಾ ಕಾರ್ಯಕರ್ತೆ ಮೊದಲು ನಗುನಗುತ್ತಾ ಬರುತ್ತಿದ್ದರು. ಈಗ ಸದಾ ಸಿಡಿಮಿಡಿ. ಮಾತೆತ್ತಿದರೆ ದುಡ್ಡು, ಮುಷ್ಕರ. ನಮ್ಮಜ್ಜಿ ಸೂಲಗಿತ್ತಿ. ಒಂದು ಕುಬಸದ ಖಣಕ್ಕೆ ಊರಿಗೆಲ್ಲ ಹೆರಿಗೆ ಮಾಡಿಸಿದವರು. ಸೇವೆಯ ಆ ತೃಪ್ತಿ ಇವರಿಗೇಕಿಲ್ಲ?”

ನಿಮ್ಮಜ್ಜಿಗೆ ನನ್ನ ನಮಸ್ಕಾರ. ಸೇವೆಯಲ್ಲಿ ತೃಪ್ತಿ ಇದೆ, ಒಪ್ಪಿದೆ. ಮನೆಗೆ ಬಂದವರು ಸಿಡುಕಿದರೆ ಬಾಣಂತಿಗೆ ಬೇಸರ ಆಗುತ್ತದೆ, ಅದೂ ಸರಿ. ಆದರೆ ನಿಮ್ಮಜ್ಜಿಗೆ ಯಾರೂ ಮೀಟಿಂಗಿಗೆ ಕರೆದು ಟಾರ್ಗೆಟ್ ಎಷ್ಟಾಯ್ತು ಅಂತ ಕೇಳಿರಲಿಲ್ಲ, ಅಲ್ವಾ?

ಕಳೆದ ಮಳೆಗಾಲ ನನ್ನ ತಂಗಿಯ ಮನೆಯಲ್ಲಿದ್ದೆ. ಬಾಣಂತನದ ಮನೆ. ಆಶಾ ಬಂದರು. ಗುಲಾಬಿ ಸೀರೆ ಮೊಣಕಾಲವರೆಗೂ ಒದ್ದೆ. ರಿಜಿಸ್ಟರ್ ಮಾತ್ರ ಪ್ಲಾಸ್ಟಿಕ್ ಕವರಿನೊಳಗೆ ಬೆಚ್ಚಗಿತ್ತು. ಮಗುವನ್ನು ಜೋಲಿಯಲ್ಲಿ ಹಾಕಿ ತೂಕ ನೋಡಿದರು. ಆಮೇಲೆ ವಾಚ್ ನೋಡುತ್ತಾ ಅದರ ಉಸಿರು ಎಣಿಸತೊಡಗಿದರು. ಪೂರ್ತಿ ಒಂದು ನಿಮಿಷ ಎಣಿಸಬೇಕು. 60 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಆಸ್ಪತ್ರೆಗೆ. ಅರ್ಧ ನಿಮಿಷ ಆಗಿತ್ತೋ ಇಲ್ಲವೋ, ಫೋನ್ ಬಂತು. ಯಾವುದೋ ಸರ್ವೆ ಇನ್ನೂ ತುಂಬಿಲ್ಲವಂತೆ. “ಆಯ್ತು ಸರ್, ಆಯ್ತು ಸರ್” ಅಂದು ಫೋನ್ ಇಟ್ಟರು. ಮತ್ತೆ ಒಂದರಿಂದ ಎಣಿಸಿದರು.

ಆಸ್ಪತ್ರೆಯಲ್ಲಿ ಹುಟ್ಟಿದ ಮಗುವಿಗಾದರೆ 42 ದಿನದೊಳಗೆ ಹೀಗೆ ಆರು ಸಲ ಹೋಗಬೇಕು. ಆರಕ್ಕೂ ಸೇರಿಸಿ ನಿಗದಿಯಾದ ಪ್ರೋತ್ಸಾಹಧನ 250 ರೂಪಾಯಿ. ನೀವೇ ಭಾಗಿಸಿ ನೋಡಿ.

2005ರಲ್ಲಿ ಆಶಾ ಯೋಜನೆ ಶುರುವಾದಾಗಿಂದ ಸರ್ಕಾರದ ಲೆಕ್ಕದಲ್ಲಿ ಇವರು ನೌಕರರಲ್ಲ, ಸ್ವಯಂಸೇವಕಿಯರು. ಸಾವಿರ ಜನಕ್ಕೆ ಒಬ್ಬರು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶದ ಆಶಾಗಳಿಗೆಲ್ಲ ಸೇರಿಸಿ ಪ್ರಶಸ್ತಿ ಕೊಟ್ಟಿತು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಅದೇ ಸಂಸ್ಥೆ 2019ರಲ್ಲೇ ಇನ್ನೊಂದು ಮಾತು ಹೇಳಿತ್ತು: ಬರ್ನ್‌ಔಟ್, ಅಂದರೆ ಕೆಲಸ ಮಾಡಿ ಮಾಡಿ ಒಳಗೇ ಬತ್ತಿಹೋಗುವುದು, ಕೆಲಸದ ಜಾಗದ ತೀರದ ಒತ್ತಡದಿಂದ ಬರುತ್ತದೆ ಅಂತ. ನೀವು ಕಂಡ ಸಿಡುಕು ಅವರ ಸ್ವಭಾವ ಅಂದುಕೊಳ್ಳಬೇಡಿ.

2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ರಾಜ್ಯದ ಆಶಾಗಳು ಮುಷ್ಕರ ಕೂತು ಚಳಿಯಲ್ಲಿ ರಾತ್ರಿ ಕಳೆದರು. ಕೇಳಿದ್ದು ತಿಂಗಳಿಗೆ 15,000. ಸಿಕ್ಕಿದ್ದು 10,000ದ ಭರವಸೆ. ಇಂಥ ಯೋಜನೆಗಳಲ್ಲಿ ದುಡಿಯುವವರನ್ನು ಕಾರ್ಮಿಕರೆಂದು ಒಪ್ಪಿ ಕನಿಷ್ಠ ವೇತನ ಕೊಡಿ ಅಂತ ಸರ್ಕಾರ, ಮಾಲೀಕರು, ಕಾರ್ಮಿಕ ಸಂಘಗಳು ಒಟ್ಟಿಗೆ ಕೂರುವ ಭಾರತೀಯ ಕಾರ್ಮಿಕ ಸಮ್ಮೇಳನವೇ 2013ರಲ್ಲಿ ಶಿಫಾರಸು ಮಾಡಿತ್ತು. ಎಷ್ಟು ವರ್ಷ ಆಯ್ತು!

ಇವರಿಗೆ ತಿಂಗಳಿಗೆ ಕೊಡುವ ದುಡ್ಡನ್ನು ಸಂಬಳ ಅನ್ನಲ್ಲ, ‘ಗೌರವಧನ’ ಅನ್ನುತ್ತಾರೆ. ನನಗೆ ಸಿಟ್ಟು ಬರುವುದು ಆ ಪದದ ಮೇಲೆ. ಅಂಗನವಾಡಿಯವರಿಗೂ ಅದೇ, ಬಿಸಿಯೂಟದ ಅಡುಗೆಯವರಿಗೂ ಅದೇ. ಹೆಣ್ಣುಮಕ್ಕಳು ಮಾಡುವ ಕೆಲಸ ಅಂದಕೂಡಲೇ ನಮಗೆ ಸೇವೆ, ತಾಯ್ತನ, ತ್ಯಾಗ ಎಲ್ಲ ನೆನಪಾಗುತ್ತವೆ. ಸಂಬಳ ಒಂದು ಬಿಟ್ಟು.

ಇನ್ನು ನಿಮ್ಮಜ್ಜಿಯ ವಿಷಯ. ಆ ಖಣದಲ್ಲಿ ಸಂಸಾರ ಸಾಗುತ್ತಿತ್ತಾ ಅಂತ ಮನೆಯಲ್ಲಿ ಯಾರಾದರೂ ಅವರನ್ನು ಕೇಳಿದ್ದಿರಾ? ಕೇಳಿದ್ದರೆ ಅವರೇನು ಹೇಳಿದರು, ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಇದೇ ಪುಟದಲ್ಲಿ ಹಾಕುತ್ತೇನೆ.

– ಸಂಪಾದಕ