ಕಬ್ಬಿನ ದರದ ಸೂತ್ರವನ್ನು ಟೇಬಲ್‌ನಿಂದ ಓದಿ ಪೈಥಾನ್‌ನ ಎವಾಲ್‌ಗೆ ಕೊಡಬಹುದೇ?

ನೀವು ಕೇಳಿದ್ದು ಇಷ್ಟು: ಮುಧೋಳ ಕಡೆಯ ಸಕ್ಕರೆ ಕಾರ್ಖಾನೆಯೊಂದರ ಕಬ್ಬಿನ ಬಿಲ್ ಪ್ರೋಗ್ರಾಂ ಪೈಥಾನ್‌ನಲ್ಲಿದೆ. ಹಂಗಾಮು ಬದಲಾದಂತೆ ದರದ ಸೂತ್ರವೂ ಬದಲಾಗುತ್ತದೆ. ಅದನ್ನು ಟೇಬಲ್‌ನಲ್ಲಿ ಬರೆದಿಟ್ಟು ಎವಾಲ್ (ಪಠ್ಯವನ್ನೇ ಕೋಡ್ ಎಂದು ಓಡಿಸುವ ಫಂಕ್ಷನ್) ಮಾಡಿದರೆ ನಡೆಯುತ್ತದೆಯೇ? ಸೂತ್ರವನ್ನು ಕೋಡ್‌ನಿಂದ ಹೊರಗೆ ತಂದದ್ದು ಸರಿಯಾದ ಕೆಲಸ. ಎವಾಲ್ ಮಾತ್ರ ಬೇಡ್ರಿ.

2025-26ರ ಎಫ್‌ಆರ್‌ಪಿಯನ್ನೇ (ಕೇಂದ್ರ ಸರ್ಕಾರ ನಿಗದಿ ಮಾಡುವ ಕಬ್ಬಿನ ಕನಿಷ್ಠ ದರ) ತಗೊಳ್ಳಿ. 10.25 ಶೇಕಡಾ ರಿಕವರಿಗೆ (ಕಬ್ಬಿನಿಂದ ಸಿಗುವ ಸಕ್ಕರೆಯ ಪ್ರಮಾಣ) ಕ್ವಿಂಟಲ್‌ಗೆ 355 ರೂಪಾಯಿ, ಅಲ್ಲಿಂದ ಪ್ರತಿ 0.1 ಶೇಕಡಾ ಏರಿಳಿತಕ್ಕೆ 3.46 ರೂಪಾಯಿ ಹೆಚ್ಚು ಅಥವಾ ಕಡಿಮೆ, 9.5ಕ್ಕಿಂತ ಕೆಳಗೆ ಹೋದರೂ 329.05ಕ್ಕೆ ನಿಲ್ಲಬೇಕು. ಟನ್ ಲೆಕ್ಕದಲ್ಲಿ ಬರೆದರೆ ಒಂದೇ ಸಾಲು:

ಗರಿಷ್ಠ(3290.5, 3550 + (ರಿಕವರಿ - 10.25) * 346)

ಇಷ್ಟು ಗಣಿತಕ್ಕೆ ಇಡೀ ಪೈಥಾನ್ ಭಾಷೆಯ ಕೀಲಿಕೈ ಯಾಕೆ ಕೊಡಬೇಕು? ಬಿಲ್ಟಿನ್‌ಗಳ (ಪೈಥಾನ್‌ನಲ್ಲಿ ಮೊದಲೇ ಇರುವ ಫಂಕ್ಷನ್‌ಗಳ) ಜಾಗದಲ್ಲಿ ಖಾಲಿ ಡಿಕ್ಷನರಿ ಕೊಟ್ಟರೆ ಎವಾಲ್ ಭದ್ರವಾಗುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಆಗುವುದಿಲ್ಲ. ಒಂದು ಖಾಲಿ ಟ್ಯೂಪಲ್ (ಅಲ್ಪವಿರಾಮದಿಂದ ಬೇರ್ಪಡಿಸಿದ ಮೌಲ್ಯಗಳ ಸಾಲು) ಬರೆದು, ಚುಕ್ಕೆ ಹಾಕುತ್ತ ಅದರ ಕ್ಲಾಸ್, ಆ ಕ್ಲಾಸ್‌ನ ಮೂಲ, ಆ ಮೂಲದ ಸಬ್‌ಕ್ಲಾಸ್‌ಗಳು ಎಂದು ಏರಿದರೆ ಕೊನೆಗೆ ಆಪರೇಟಿಂಗ್ ಸಿಸ್ಟಂನ ಕಮಾಂಡ್ ಓಡಿಸುವ ದಾರಿ ಸಿಗುತ್ತದೆ. ಎವಾಲ್ ಬದಲು ಬಳಸುವ ಲಿಟರಲ್ ಎವಾಲ್ ಸಹ ನಿಮಗೆ ಉಪಯೋಗವಿಲ್ಲ. ಅದು ಸಿದ್ಧ ಮೌಲ್ಯಗಳನ್ನಷ್ಟೇ ಓದುತ್ತದೆ, 'ರಿಕವರಿ' ಎಂಬ ಹೆಸರು ಕಂಡ ಕೂಡಲೇ ಎರರ್ ಕೊಡುತ್ತದೆ.

ಮಾಡಬೇಕಾದದ್ದು ಇದು. ಪೈಥಾನ್‌ನ ಎಎಸ್‌ಟಿ (ಕೋಡನ್ನು ಮರದ ರೂಪದಲ್ಲಿ ಬಿಡಿಸಿಡುವ) ಮಾಡ್ಯೂಲ್‌ನ ಪಾರ್ಸ್‌ಗೆ ಸೂತ್ರವನ್ನು ಎವಾಲ್ ಮೋಡ್‌ನಲ್ಲಿ ಕೊಡಿ. ಅದು ಏನನ್ನೂ ಓಡಿಸದೆ ಬರೀ ಮರವನ್ನು ಕೊಡುತ್ತದೆ. ಆ ಮರವನ್ನು ನಡೆಯುವ ಫಂಕ್ಷನ್ ಒಂದನ್ನು ನೀವೇ ಬರೆಯಿರಿ, ನಲವತ್ತು-ಐವತ್ತು ಸಾಲಿನಲ್ಲಿ ಮುಗಿಯುತ್ತದೆ. ಕೂಡು, ಕಳೆ, ಗುಣಿಸು, ಭಾಗಿಸು, ಋಣ ಚಿಹ್ನೆ, ಹೋಲಿಕೆ, ಸಂಖ್ಯೆ, ನಿಮ್ಮ ಪಟ್ಟಿಯಲ್ಲಿರುವ ಹೆಸರು, ನಿಮ್ಮ ಪಟ್ಟಿಯಲ್ಲಿರುವ ಫಂಕ್ಷನ್ ಕರೆ: ಇವಿಷ್ಟಕ್ಕೇ ಒಪ್ಪಿಗೆ. ಬೇರೆ ಯಾವ ನೋಡ್ (ಮರದ ಗಂಟು) ಬಂದರೂ ವ್ಯಾಲ್ಯೂ ಎರರ್. ಆಟ್ರಿಬ್ಯೂಟ್ (ಚುಕ್ಕೆ ಹಾಕಿ ಒಳಗೆ ಹೋಗುವ) ನೋಡ್ ಪಟ್ಟಿಯಲ್ಲಿಲ್ಲ, ಆದ್ದರಿಂದ ಚುಕ್ಕೆಯ ದಾರಿ ಅಲ್ಲಿಗೇ ಬಂದ್. ಘಾತವನ್ನೂ ಬಿಡಿ: 9**9**9 ಎಂದು ಯಾರಾದರೂ ಬರೆದರೆ ಸುಮಾರು 37 ಕೋಟಿ ಅಂಕಿಗಳ ಸಂಖ್ಯೆ ಕಟ್ಟಲು ಹೋಗಿ ಸರ್ವರ್ ಕೂತುಬಿಡುತ್ತದೆ. ಪಾರ್ಸ್‌ಗೆ ಮುಂಚೆಯೇ ಉದ್ದಕ್ಕೆ ಮಿತಿ ಹಾಕಿ, 300 ಅಕ್ಷರ ಧಾರಾಳ.

'ಶರತ್ತು(ತೂಕ > 0, ಮೊತ್ತ / ತೂಕ, 0)' ಎಂಬಂಥ ಫಂಕ್ಷನ್ ಸೇರಿಸುವವರು ಹೆಚ್ಚಾಗಿ ಎಡವುವುದು ಒಂದೇ ಕಡೆ. ಉಳಿದ ಫಂಕ್ಷನ್‌ಗಳಂತೆ ಮೂರೂ ಆರ್ಗ್ಯುಮೆಂಟ್‌ಗಳನ್ನು ಮೊದಲೇ ಲೆಕ್ಕ ಹಾಕಿದರೆ ತೂಕ ಸೊನ್ನೆಯಿದ್ದಾಗಲೂ ಭಾಗಾಕಾರ ನಡೆದು ಪ್ರೋಗ್ರಾಂ ಬೀಳುತ್ತದೆ. ಶರತ್ತನ್ನು ಮೊದಲು ನೋಡಿ, ಬೇಕಾದ ಕೊಂಬೆಯನ್ನಷ್ಟೇ ನಡೆಯಬೇಕು.

ರೈತರ ದುಡ್ಡಿನ ಲೆಕ್ಕ, ಫ್ಲೋಟ್ (ದಶಮಾಂಶವನ್ನು ಅಂದಾಜಾಗಿ ಇಡುವ ಸಂಖ್ಯೆ) ಸಲ್ಲದು. 2.675ನ್ನು ಎರಡು ಸ್ಥಾನಕ್ಕೆ ರೌಂಡ್ ಮಾಡಿದರೆ ಪೈಥಾನ್ 2.68ರ ಬದಲು 2.67 ಕೊಡುತ್ತದೆ. ಮರದಲ್ಲಿರುವ ದಶಮಾಂಶ ಸಂಖ್ಯೆ ಆಗಲೇ ಫ್ಲೋಟ್ ಆಗಿರುತ್ತದೆ. ಅದನ್ನು ನೇರವಾಗಿ ಡೆಸಿಮಲ್‌ಗೆ (ದಶಮಾಂಶವನ್ನು ಇದ್ದಂತೆಯೇ ಇಡುವ ಪೈಥಾನ್ ಸಂಖ್ಯೆ) ಹಾಕದೆ ಮೊದಲು ಸ್ಟ್ರಿಂಗ್ ಮಾಡಿ, ಆಮೇಲೆ ಡೆಸಿಮಲ್ ಮಾಡಿ. ರೌಂಡಿಂಗ್ ಕ್ರಮವನ್ನೂ ಬಾಯಿಬಿಟ್ಟು ಹೇಳಿ, ಹಾಫ್ ಅಪ್ (ಅರ್ಧ ಬಂದರೆ ಮೇಲಕ್ಕೆ) ಎಂದು. ಡೆಸಿಮಲ್‌ನ ರೂಢಿ ಹಾಫ್ ಈವನ್ (ಅರ್ಧ ಬಂದರೆ ಹತ್ತಿರದ ಸಮ ಅಂಕಿಗೆ). ಅಕೌಂಟ್ಸ್‌ನವರ ಕ್ಯಾಲ್ಕುಲೇಟರ್‌ಗೂ ಬಿಲ್ಲಿಗೂ ಒಂದು ಪೈಸೆ ತಾಳೆಯಾಗದೆ ತಕರಾರು ಏಳುವುದು ಅಲ್ಲಿಂದಲೇ.

ಕನ್ನಡ ಹೆಸರುಗಳನ್ನು ಪೈಥಾನ್ 3 ಒಪ್ಪುತ್ತದೆ, ಆದರೆ 'ಟ್ರ್ಯಾಕ್ಟರ್‌ಬಾಡಿಗೆ' ಎಂದು ಬರೆಯುವಾಗ ನಡುವೆ ಕೂತು ಒತ್ತಕ್ಷರವಾಗದಂತೆ ತಡೆಯುವ, ಕಣ್ಣಿಗೆ ಕಾಣದ ಝಡ್‌ಡಬ್ಲ್ಯೂಎನ್‌ಜೆ ಅಕ್ಷರಕ್ಕೆ ಸಿಂಟ್ಯಾಕ್ಸ್ ಎರರ್ ಬರುತ್ತದೆ. ಪರದೆಯ ಮೇಲೆ ಏನೂ ತಪ್ಪು ಕಾಣದು. ಅಂಡರ್‌ಸ್ಕೋರ್ ಹಾಕಿ ಬರೆಯಿರಿ. ೧೦.೨೫ ಎಂಬ ಕನ್ನಡ ಅಂಕಿಯೂ ಸೂತ್ರದೊಳಗೆ ನಡೆಯದು, ಪಾರ್ಸ್‌ಗೆ ಮುಂಚೆ ಬದಲಿಸಿಕೊಳ್ಳಿ. ವಾಟ್ಸಾಪ್‌ನಿಂದ ಕಾಪಿ ಮಾಡಿದ ಉದ್ದ ಗೆರೆ ಮೈನಸ್ ಅಲ್ಲ. 1,25,000 ಎಂದು ಅಲ್ಪವಿರಾಮ ಹಾಕಿದರೆ ಪೈಥಾನ್‌ಗೆ ಅದು ಮೂರು ಸಂಖ್ಯೆಗಳ ಟ್ಯೂಪಲ್; ಮೇಲಿನ ಪಟ್ಟಿ ಅದನ್ನು ತಡೆಯುತ್ತದೆ. ಆದರೆ ಫಂಕ್ಷನ್‌ನ ಆವರಣದೊಳಗೆ ಅವು ಮೂರು ಆರ್ಗ್ಯುಮೆಂಟ್ ಆಗಿ ಸುಮ್ಮನೆ ನುಗ್ಗುತ್ತವೆ, ಆರ್ಗ್ಯುಮೆಂಟ್ ಎಷ್ಟಿವೆ ಎಂದು ಎಣಿಸಿ.

ಒಂದು ವೇಳೆ ಮುಖ್ಯ ಪ್ರೋಗ್ರಾಂ ಸಿ ಅಥವಾ ಸಿ++ ಆಗಿದ್ದರೆ ನಾನು ಲುವಾ (ಬೇರೆ ಪ್ರೋಗ್ರಾಂನೊಳಗೆ ಕೂರಿಸುವ ಚಿಕ್ಕ ಭಾಷೆ) ಹಾಕುತ್ತೇನೆ. ಸೂತ್ರದ ಮುಂದೆ 'ರಿಟರ್ನ್' ಸೇರಿಸಿ ಲೋಡ್ ಮಾಡಬೇಕು, ಪಿಕಾಲ್‌ನಿಂದಲೇ (ಎರರ್ ಬಂದರೂ ಪ್ರೋಗ್ರಾಂ ಬೀಳದಂತೆ ಕರೆಯುವ ಫಂಕ್ಷನ್) ಕರೆಯಬೇಕು, ಉತ್ತರ ತೆಗೆದುಕೊಂಡ ಮೇಲೆ ಸ್ಟ್ಯಾಕ್‌ನಿಂದ ಪಾಪ್ ಮಾಡಬೇಕು. ಐಓ, ಓಎಸ್ ಲೈಬ್ರರಿಗಳನ್ನು ತೆರೆಯಲೇಬೇಡಿ. ಜಾವಾದಲ್ಲಿ ನ್ಯಾಶಾರ್ನ್ (ಜೊತೆಗೇ ಬರುತ್ತಿದ್ದ ಜಾವಾಸ್ಕ್ರಿಪ್ಟ್ ಎಂಜಿನ್) ನಂಬಿದ ಹಳೆಯ ಕೋಡ್ ಇದ್ದರೆ ಗಮನಿಸಿ, ಜೆಡಿಕೆ 15ರಿಂದ ಅದು ಇಲ್ಲ.

ಸೂತ್ರ ಸೇವ್ ಆಗುವಾಗಲೇ ಪರೀಕ್ಷೆ ನಡೆಯಲಿ. ಮೇಲಿನದಕ್ಕೆ ರಿಕವರಿ 10.25 ಕೊಟ್ಟರೆ 3550, 11 ಕೊಟ್ಟರೆ 3809.5, 9.2 ಕೊಟ್ಟರೆ 3290.5 ಬರಬೇಕು, ಬರದಿದ್ದರೆ ಸೇವ್ ಆಗಬಾರದು. ಹಳೆಯ ಸಾಲನ್ನು ತಿದ್ದದೆ, ಯಾವ ಹಂಗಾಮಿಗೆ ಎಂಬ ಕಾಲಂನೊಂದಿಗೆ ಹೊಸ ಸಾಲು ಸೇರಿಸಿ. ಇಲ್ಲದಿದ್ದರೆ 2024-25ರ ಬಿಲ್ ಮತ್ತೆ ಪ್ರಿಂಟ್ ತೆಗೆದಾಗ 3400ರ ಬದಲು 3550ರ ಲೆಕ್ಕ ಬರುತ್ತದೆ.