ಶಿಮುರಾ ಕೆನ್ ಯಾರು? ಅವರು ತೀರಿಕೊಂಡಾಗ ಜಪಾನಿನವರು ಅಷ್ಟೊಂದು ಅತ್ತಿದ್ದೇಕೆ?

ಚಿಕ್ಕಂದಿನಲ್ಲಿ 'ತಕೇಶೀಸ್ ಕ್ಯಾಸಲ್' ನೋಡಿದ್ದರಿಂದ ನಿಮಗೆ ಜಪಾನಿನ ಟಿವಿ ಹಾಸ್ಯಗಾರ ಅಂದರೆ ತಕೇಶಿ ಒಬ್ಬರೇ ಗೊತ್ತು ಅಂದಿದ್ದೀರಿ. ಈ ಶಿಮುರಾ ಯಾರು, ಭಾಷೆ ಬಾರದವರಿಗೂ ಅವರನ್ನು ನೋಡಿ ನಗು ಬರುತ್ತಾ ಅಂತಲೂ ಕೇಳಿದ್ದೀರಿ. ನಾನು ಆಗ ಟೋಕಿಯೋದಲ್ಲೇ ಕೆಲಸದಲ್ಲಿದ್ದೆ. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

2020ರ ಮಾರ್ಚ್ 30, ಸೋಮವಾರ ಬೆಳಿಗ್ಗೆ. ಆಫೀಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಹಿರಿಯರೊಬ್ಬರು ಫೋನ್ ನೋಡುತ್ತಾ ಹಾಗೇ ಕೂತುಬಿಟ್ಟರು. ಏನಾಯ್ತು ಅಂದೆ. "ಶಿಮುರಾ ಹೋಗಿಬಿಟ್ಟರು" ಅಂದರು, ಅಷ್ಟೇ. ಮಧ್ಯಾಹ್ನ ಊಟದ ಹೊತ್ತಿಗೆ ತಾವಾಗಿಯೇ ಮಾತು ತೆಗೆದರು. ಶನಿವಾರ ರಾತ್ರಿ ಎಂಟರೊಳಗೆ ಸ್ನಾನ ಮುಗಿಸದಿದ್ದರೆ ಅವರ ಅಮ್ಮ ಟಿವಿ ಹಾಕುತ್ತಿರಲಿಲ್ಲವಂತೆ. ಶಿಮುರಾ ಬರುತ್ತಾರೆ ಅಂತ ಮನೆಯ ಮಕ್ಕಳೆಲ್ಲ ಒದ್ದೆ ತಲೆಯಲ್ಲೇ ಓಡಿ ಬಂದು ಕೂರುತ್ತಿದ್ದರಂತೆ.

ಶಿಮುರಾ ಹುಟ್ಟಿದ್ದು 1950ರ ಫೆಬ್ರವರಿ 20ರಂದು, ಟೋಕಿಯೋದ ಪಶ್ಚಿಮಕ್ಕಿರುವ ಹಿಗಾಶಿಮುರಾಯಾಮದಲ್ಲಿ. ನಿಜವಾದ ಹೆಸರು ಯಾಸುನೋರಿ. ಅಪ್ಪ ಶಾಲಾ ಮೇಷ್ಟ್ರು, ಬಹಳ ಬಿಗಿ. ಮನೆಯಲ್ಲಿ ಅಪ್ಪ ಇದ್ದರೆ ಯಾರೂ ಉಸಿರೆತ್ತುವಂತಿರಲಿಲ್ಲ. ಅಂಥ ಅಪ್ಪ ಟಿವಿಯಲ್ಲಿ ಹಾಸ್ಯ ಬಂದರೆ ನಗುತ್ತಿದ್ದರು. ಆ ನಗು ನೋಡಿಯೇ ಹುಡುಗನಿಗೆ ಈ ಹುಚ್ಚು ಹಿಡಿದದ್ದು. ಮುಂದೆ ವೇದಿಕೆಗೆ ಇಟ್ಟುಕೊಂಡ 'ಕೆನ್' ಅನ್ನೋ ಹೆಸರೂ ಅಪ್ಪನ ಕೆಂಜಿ ಅನ್ನೋ ಹೆಸರಿನಿಂದಲೇ ಬಂದದ್ದು.

ಆಗ 'ಡ್ರಿಫ್ಟರ್ಸ್' ಅನ್ನೋ ಐದು ಜನರ ತಂಡ ಇತ್ತು. ವಾದ್ಯ ನುಡಿಸುತ್ತಲೇ ಹಾಸ್ಯ ಮಾಡುವವರು. 1966ರಲ್ಲಿ ಬೀಟಲ್ಸ್ ಟೋಕಿಯೋಕ್ಕೆ ಬಂದಾಗ ಅವರಿಗಿಂತ ಮೊದಲು ವೇದಿಕೆ ಹತ್ತಿದವರಲ್ಲಿ ಇವರೂ ಇದ್ದರು. 1968ರಲ್ಲಿ ಹೈಸ್ಕೂಲ್ ಇನ್ನೂ ಮುಗಿದಿರಲಿಲ್ಲ, ಹುಡುಗ ಸೀದಾ ತಂಡದ ಮುಖ್ಯಸ್ಥ ಇಕಾರಿಯಾ ಚೋಸುಕೆ ಮನೆ ಬಾಗಿಲಿಗೆ ಹೋಗಿ, ಹಿಮ ಬೀಳುತ್ತಿದ್ದರೂ ಗಂಟೆಗಟ್ಟಲೆ ಕಾದು, ಶಿಷ್ಯನಾಗಿ ಸೇರಿಸಿಕೊಳ್ಳಿ ಅಂತ ಬೇಡಿಕೊಂಡ. ಸಿಕ್ಕಿದ್ದು ಸಾಮಾನು ಹೊರುವ ಕೆಲಸ. ಒಮ್ಮೆ ಸಾಕಾಗಿ ಬಿಟ್ಟೂ ಹೋದ. ತಂಡದ ಕಾತೋ ಚಾ ಮಧ್ಯೆ ನಿಂತು ಮಾತಾಡಿದ್ದರಿಂದ ವಾಪಸು ಸೇರಿಕೊಂಡ. ಆ ಕಾತೋ ಜೊತೆಗೇ ಮುಂದೆ ಅವರ ಜೋಡಿ ಅಷ್ಟು ಚೆನ್ನಾಗಿ ಕೂಡಿ ಬಂದದ್ದು.

ಡ್ರಿಫ್ಟರ್ಸ್‌ನ ಶನಿವಾರದ ಕಾರ್ಯಕ್ರಮದ ಹೆಸರಿನ ಅರ್ಥ 'ಎಂಟು ಗಂಟೆ ಆಯ್ತು! ಎಲ್ಲರೂ ಬನ್ನಿ'. 1969ರಿಂದ 1985ರವರೆಗೆ ನಡೆಯಿತು, 803 ಕಂತು. ಸಭಾಂಗಣಗಳಲ್ಲಿ ಜನರ ಮುಂದೆ ಆಡುತ್ತಿದ್ದರು, ನೇರ ಪ್ರಸಾರ. ಒಂದು ಮನೆಯನ್ನೇ ವೇದಿಕೆ ಮೇಲೆ ಕಟ್ಟಿ, ಕೊನೆಗೆ ಧಡಾರನೆ ಬೀಳಿಸುತ್ತಿದ್ದರು. ತಪ್ಪಿದರೆ ಇನ್ನೊಮ್ಮೆ ಮಾಡೋಣ ಅನ್ನೋ ಹಾಗಿಲ್ಲ. ಗುರುವಾರ ಕೂತು ಯೋಚನೆ, ಶುಕ್ರವಾರ ತಾಲೀಮು, ಶನಿವಾರ ಆಟ. ವಾರ ವಾರವೂ ಹೀಗೇ. 1973ರ ಏಪ್ರಿಲ್ 7ರ ಕಂತಿನ ವೀಕ್ಷಕರ ಪ್ರಮಾಣ ಶೇಕಡಾ 50.5. ಆದರೆ ಆಗ ಶಿಮುರಾ ಇನ್ನೂ ತಂಡದ ಸದಸ್ಯನಲ್ಲ. 1974ರಲ್ಲಿ ಅರಾಯ್ ಚೂ ಬಿಟ್ಟ ಮೇಲೆ ಆ ಜಾಗ ಸಿಕ್ಕಿತು. ಸಿಕ್ಕರೂ ಮೊದಲೆರಡು ವರ್ಷ ಜನ ನಗಲೇ ಇಲ್ಲ. ಇಪ್ಪತ್ತನಾಲ್ಕರ ಹುಡುಗ, ನೇರ ಪ್ರಸಾರ, ಎದುರಿಗೆ ಸುಮ್ನೆ ಕೂತ ಜನ. ಎಷ್ಟು ಕಷ್ಟ ಅಲ್ವಾ?

ಕೈ ಹಿಡಿದದ್ದು ಅವರ ಊರೇ. 1976ರಲ್ಲಿ ತಮ್ಮೂರಿನ ಹಬ್ಬದ ಕುಣಿತದ ಹಾಡನ್ನು ತಮಗೆ ಬೇಕಾದ ಹಾಗೆ ತಿರುಚಿ ಹಾಡಿದರು. ಕೊನೆಗೆ ಒಂದು ವಿಚಿತ್ರ ಕೂಗು. ದೇಶದ ಮಕ್ಕಳೆಲ್ಲ ಅದನ್ನೇ ಕೂಗತೊಡಗಿದರು. ಯಾರಿಗೂ ಗೊತ್ತಿಲ್ಲದ ಊರಿನ ಹೆಸರು ಎಲ್ಲರ ಬಾಯಲ್ಲೂ ಬಂತು. ಆ ಸಂತೋಷಕ್ಕೆ ಊರಿನವರು ರೈಲು ನಿಲ್ದಾಣದ ಮುಂದೆ ಅವರ ಹೆಸರಿನಲ್ಲಿ ಮೂರು ಮರ ನೆಟ್ಟರು. ನಾನು ಹೋಗಿ ನೋಡಿದ್ದೇನೆ, ಈಗ ತಲೆಯೆತ್ತಿ ನೋಡುವಷ್ಟು ಬೆಳೆದಿವೆ.

ಮಕ್ಕಳು ಅವರನ್ನು ಅಷ್ಟು ಹಚ್ಚಿಕೊಂಡದ್ದು ಯಾಕೆ ಅಂತ ಒಂದೇ ಒಂದು ಆಟದಲ್ಲಿ ಗೊತ್ತಾಗುತ್ತದೆ. ವೇದಿಕೆ ಮೇಲೆ ಕತ್ತಲು. ಶಿಮುರಾ ಹೆದರಿಕೊಂಡು ಹೆಜ್ಜೆ ಹೆಜ್ಜೆಯಾಗಿ ಬರುತ್ತಾರೆ. ಹಿಂದೆ ದೆವ್ವ ಮೆಲ್ಲಗೆ ತಲೆ ಹಾಕುತ್ತದೆ. ಸಭಾಂಗಣದ ಮಕ್ಕಳೆಲ್ಲ ಗಂಟಲು ಹರಿಯುವ ಹಾಗೆ "ಶಿಮುರಾ, ಹಿಂದೆ! ಹಿಂದೆ!" ಅಂತ ಕಿರುಚುತ್ತಾರೆ. ಅವರು ತಿರುಗಿದರೆ ದೆವ್ವ ಮಾಯ. ಮತ್ತೆ ಮುಂದೆ ತಿರುಗಿದರೆ ಮತ್ತೆ ಹಾಜರು. ತಿರುಗುವುದು ಅರ್ಧ ಕ್ಷಣ ಬೇಗ ಆದರೂ, ತಡ ಆದರೂ ಆಟ ಕೆಟ್ಟಿತು. ಇಲ್ಲಿ ಎಲ್ಲ ಗೊತ್ತಿರುವವರು ಮಕ್ಕಳು, ಏನೂ ಗೊತ್ತಿಲ್ಲದವನು ದೊಡ್ಡವನು. ಮನೆಯಲ್ಲೂ ಶಾಲೆಯಲ್ಲೂ ಬೈಸಿಕೊಳ್ಳುವ ಮಗುವಿಗೆ ಇದಕ್ಕಿಂತ ಖುಷಿ ಏನಿದೆ! ಅತ್ತ ಪಾಲಕರ ಸಂಘಗಳು ಮಾತ್ರ ಈ ಕಾರ್ಯಕ್ರಮ ಮಕ್ಕಳನ್ನು ಹಾಳು ಮಾಡುತ್ತದೆ ಅಂತ ದೂರುತ್ತಲೇ ಇದ್ದವು.

ನಿಮ್ಮ ತಕೇಶಿಯೂ ಈ ಕಥೆಯಲ್ಲಿ ಬರುತ್ತಾರೆ. 1981ರಲ್ಲಿ ಫುಜಿ ಟಿವಿ ಅದೇ ಶನಿವಾರ, ಅದೇ ಎಂಟು ಗಂಟೆಗೆ ತಕೇಶಿ ಮತ್ತಿತರರನ್ನು ಹಾಕಿಕೊಂಡು ಪೈಪೋಟಿಗೆ ಇಳಿಯಿತು. ಕ್ರಮೇಣ ಜನ ಆ ಕಡೆ ವಾಲಿದರು. 1985ರಲ್ಲಿ ಡ್ರಿಫ್ಟರ್ಸ್ ಕಾರ್ಯಕ್ರಮ ನಿಂತಿತು. ಆದರೆ 1986ರಲ್ಲಿ ಶಿಮುರಾ ಮತ್ತು ಕಾತೋ ಇಬ್ಬರೇ ಹೊಸದೊಂದು ಶುರು ಮಾಡಿ ಜನರನ್ನು ಮತ್ತೆ ತಮ್ಮ ಕಡೆ ಎಳೆದುಕೊಂಡರು. ಜನರು ಮನೆಯಲ್ಲಿ ತೆಗೆದ ತಮಾಷೆಯ ವಿಡಿಯೋ ತರಿಸಿ ತೋರಿಸುವ ಭಾಗ ಅದರಲ್ಲಿತ್ತು. ಅದನ್ನು ನೋಡಿಯೇ 1989ರಲ್ಲಿ ಅಮೆರಿಕದವರು ತಮ್ಮ 'ಫನಿಯೆಸ್ಟ್ ಹೋಮ್ ವಿಡಿಯೋಸ್' ಮಾಡಿದ್ದು.

ಆಮೇಲೆ ಅವರದ್ದೇ ಕಾರ್ಯಕ್ರಮಗಳು, ಅವರದ್ದೇ ಪಾತ್ರಗಳು. ಮುಖಕ್ಕೆ ಬಿಳಿ ಬಳಿದುಕೊಂಡ ಪೆದ್ದ ದೊರೆ. ಕೈ ನಡುಗುವ ಹಿಟೋಮಿ ಅಜ್ಜಿ, ಇದು ಹೋಟೆಲ್ ನಡೆಸುತ್ತಿದ್ದ ಒಬ್ಬ ಅಜ್ಜಿಯನ್ನು ನೋಡಿ ಮಾಡಿದ್ದು. ಕೆಲವು ಆಟಗಳಲ್ಲಿ ಹೆಂಗಸರನ್ನು ನಡೆಸಿಕೊಂಡ ರೀತಿ ನನಗೆ ಹಿಡಿಸುವುದಿಲ್ಲ. ಅವು ಸುಮ್ನೆ ಹಳೆಯ ಕಾಲದವು ಅಂತ ಬಿಟ್ಟುಬಿಡಲೂ ನಾನು ತಯಾರಿಲ್ಲ. ಅಜ್ಜಿಯ ಪಾತ್ರ ಮಾತ್ರ ಎಷ್ಟು ಸಲ ನೋಡಿದರೂ ಬೇಜಾರಾಗಿಲ್ಲ. 2004ರಿಂದ ಪ್ರಾಣಿಗಳ ಕಾರ್ಯಕ್ರಮವೊಂದನ್ನು ನಡೆಸಿಕೊಟ್ಟರು. ಹಾಗಾಗಿ ಮೊಮ್ಮಕ್ಕಳ ವಯಸ್ಸಿನವರಿಗೂ ಅವರು ತಮ್ಮವರೇ ಆದರು.

2020ರಲ್ಲಿ ಅವರಿಗೆ 70 ತುಂಬಿತ್ತು. ಸಿನಿಮಾವೊಂದರ ಮುಖ್ಯ ಪಾತ್ರ ಕಾಯುತ್ತಿತ್ತು. ಒಲಿಂಪಿಕ್ ಜ್ಯೋತಿ ಹಿಡಿದು ಓಡಬೇಕಿತ್ತು. ಮಾರ್ಚ್ 20ಕ್ಕೆ ಆಸ್ಪತ್ರೆ ಸೇರಿದರು, 23ಕ್ಕೆ ಕೊರೊನಾ ಅಂತ ಗೊತ್ತಾಯಿತು, 29ಕ್ಕೆ ಹೋದರು. ಮದುವೆಯಾಗಿರಲಿಲ್ಲ. ಅಣ್ಣನಿಗೆ ಕೊನೆಗೆ ಮುಖ ನೋಡಲೂ ಆಗಲಿಲ್ಲ, ಕೈಗೆ ಬಂದದ್ದು ಅಸ್ಥಿ ಮಾತ್ರ. ಅದನ್ನು ಎದೆಗವಚಿಕೊಂಡು ಅಣ್ಣ ಮನೆ ಮುಂದೆ ನಿಂತಿದ್ದನ್ನು ಟಿವಿಯಲ್ಲಿ ಇಡೀ ದೇಶ ನೋಡಿತು. ಆ ದಿನದವರೆಗೆ ನಮ್ಮ ಆಫೀಸಿನಲ್ಲೂ ಕೊರೊನಾ ಅಂದರೆ ಎಲ್ಲೋ ದೂರದ ಸುದ್ದಿ. ಆಮೇಲೆ ಹಾಗಿರಲಿಲ್ಲ. ಜನ ಅತ್ತದ್ದು ಇದಕ್ಕೇ. ತಮ್ಮ ಮನೆಯ ಶನಿವಾರದ ಮನುಷ್ಯ ಒಂಟಿಯಾಗಿ ಹೋದರು ಅನ್ನೋ ಸಂಕಟ.

2021ರ ಜೂನ್‌ನಲ್ಲಿ, ಜನರೇ ಹಣ ಕೂಡಿಸಿ ಆ ಮೂರು ಮರಗಳ ಹತ್ತಿರ ಅವರ ಕಂಚಿನ ಪ್ರತಿಮೆ ನಿಲ್ಲಿಸಿದರು. ಗದ್ದದ ಕೆಳಗೆ ಕೈ ಅಡ್ಡ ಹಿಡಿದು, ದವಡೆ ಮುಂದೆ ಚಾಚಿದ ಅವರ ಆ ಭಂಗಿ. ನಾನು ಹೋದ ದಿನ ಒಬ್ಬ ಅಜ್ಜಿ ಮೊಮ್ಮಗಳಿಗೆ ಕೈ ಹೇಗೆ ಹಿಡಿಯಬೇಕು ಅಂತ ತೋರಿಸಿಕೊಡುತ್ತಿದ್ದರು. ಮಗು ಮೊಣಕೈ ಎತ್ತುವುದನ್ನು ಮರೆಯುತ್ತಿತ್ತು, ಅಜ್ಜಿ ಮತ್ತೆ ಮತ್ತೆ ಎತ್ತಿಸುತ್ತಿದ್ದರು.

ಭಾಷೆ ಬಾರದಿದ್ದರೂ ಧಾರಾಳವಾಗಿ ನೋಡಿ. ಮೊದಲು 'ಹಿಗೆ ಡ್ಯಾನ್ಸ್' ಹುಡುಕಿ. 'ಹಿಗೆ' ಅಂದರೆ ಮೀಸೆ, ಗಡ್ಡ. ಕಾತೋ ಮತ್ತು ಶಿಮುರಾ ಕರಿ ಕೋಟು, ಅಂಟಿಸಿದ ಮೀಸೆ ಹಾಕಿಕೊಂಡು ಬಂದು, ಎಸೆದ ಹಣ್ಣನ್ನು ಕತ್ತಿಯ ಮೊನೆಗೆ ಚುಚ್ಚಿ ಹಿಡಿಯುತ್ತಾರೆ. ಒಂದು ಮಾತೂ ಇಲ್ಲ. ಹಿನ್ನೆಲೆಯಲ್ಲಿ ಅದೇ ಬೇಸ್ ಗಿಟಾರಿನ ತುಣುಕು ಸುತ್ತುತ್ತಾ ಇರುತ್ತದೆ. ಶಿಮುರಾಗೆ ಅಮೆರಿಕದ ಸೋಲ್ ಸಂಗೀತ ಅಂದರೆ ಪ್ರಾಣ. ಟೆಡ್ಡಿ ಪೆಂಡರ್‌ಗ್ರಾಸ್ ಹಾಡಿನಿಂದ ತಂದದ್ದು ಅದು. ಹಣ್ಣು ತಪ್ಪಿ ಕೆಳಗೆ ಬಿದ್ದಾಗ ಅವರ ಮುಖ ನೋಡಿ.